ಮುರಿದ ಹಿಡಿ, ಮೂರು ನೀರು

ಕೊಚ್ಚಿಯಲ್ಲಿ ದೋಣಿ ಹತ್ತಿದವರು ನೀರು ನೋಡುತ್ತಾರೆ, ಚೀನೀ ಬಲೆ ನೋಡುತ್ತಾರೆ, ದೊಡ್ಡ ಹಡಗು ಕಂಡರೆ ಮೊಬೈಲು ತೆಗೆಯುತ್ತಾರೆ. ದೋಣಿ ನಡೆಸುವವನ ಕೈ ಎಲ್ಲಿದೆ ಎಂದು ನೋಡುವವರು ಕಡಿಮೆ. ಗಂಗೊಳ್ಳಿ ಕಡೆಯವನಾದ್ದರಿಂದಲೋ ಏನೋ, ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಎರ್ನಾಕುಳಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಹೋಗುವ ಜಲಸಾರಿಗೆ ಇಲಾಖೆಯ ಹಳೆಯ ಬೋಟುಗಳಲ್ಲಿ ಈ ಕೆಲಸಕ್ಕೆ ಇಬ್ಬರು. ಮುಂದೆ ಚಕ್ರ ಹಿಡಿದು ನಿಂತವನು ಸ್ರಾಂಕ್, ನಮ್ಮ ತಾಂಡೇಲನಿದ್ದ ಹಾಗೆ. ಎಂಜಿನ್ ಪಕ್ಕದಲ್ಲಿ ಕೂತವನು ಡ್ರೈವರ್. ಡ್ರೈವರನಿಗೆ ಎದುರಿನ ನೀರು ಕಾಣುವುದಿಲ್ಲ, ಸ್ರಾಂಕನ ಕೈಗೆ ಎಂಜಿನ್ ಎಟುಕುವುದಿಲ್ಲ. ನಡುವೆ ಒಂದು ಹಗ್ಗ, ಹಗ್ಗದ ತುದಿಗೆ ಒಂದು ಗಂಟೆ. ಸ್ರಾಂಕ್ ಹಗ್ಗ ಎಳೆಯುತ್ತಾನೆ, ಡ್ರೈವರ್ ಗಂಟೆಯ ಲೆಕ್ಕ ಕೇಳಿ ವೇಗ ಏರಿಸುತ್ತಾನೆ, ಇಳಿಸುತ್ತಾನೆ, ಜೆಟ್ಟಿ ಹತ್ತಿರ ಬಂದಾಗ ಹಿಮ್ಮುಖ ತಿರುಗಿಸುತ್ತಾನೆ. ದೋಣಿಗೆ ಬ್ರೇಕ್ ಇಲ್ಲ ಎಂಬುದನ್ನು ನೆಲದ ಮೇಲೆ ಬೆಳೆದವರು ಮರೆಯುತ್ತಾರೆ. ಅಲ್ಲಿ ನಿಲ್ಲಿಸುವುದೂ ಎಂಜಿನ್ನೇ.

2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋದಲ್ಲಿ ಈ ಗಂಟೆ ಇಲ್ಲ. ಕೊಚ್ಚಿ ಶಿಪ್‌ಯಾರ್ಡ್ ಕಟ್ಟಿದ ಬ್ಯಾಟರಿ ಬೋಟು, ಎಸಿ, ಗಾಜಿನ ಕಿಟಕಿ. ಚಾಲಕನ ಬೆರಳ ತುದಿಯಲ್ಲಿ ಚಿಕ್ಕ ಲಿವರ್. ಈ ಎರಡರ ನಡುವೆ ಸಾವಿರಾರು ಸಣ್ಣ ದೋಣಿಗಳಿವೆ. ಅವುಗಳ ಬೆನ್ನಿಗೆ ಒಂದು ಔಟ್‌ಬೋರ್ಡ್ ಎಂಜಿನ್, ಎಂಜಿನ್ನಿಗೆ ಮೊಳದುದ್ದದ ಒಂದು ಹಿಡಿ. ತಿರುವಿದರೆ ವೇಗ, ಎಡಬಲಕ್ಕೆ ಸರಿಸಿದರೆ ದಿಕ್ಕು. ಚುಕ್ಕಾಣಿಯೂ ಅದೇ, ಆಕ್ಸಿಲೇಟರೂ ಅದೇ. ಅಂಥ ಒಂದು ಹಿಡಿ ಮುರಿದು, ಅದನ್ನು ಸರಿಮಾಡಿಸಲು ಕೊಚ್ಚಿಯಿಂದ ತಿರುವನಂತಪುರದ ತೀರದವರೆಗೆ ಹೋಗಿಬಂದ ಕಥೆ ಇದು.

ಕಾಯಲು

ನಾನಿರುವುದು ಕುಂಬಳಂಗಿಯಲ್ಲಿ. 2019ರ ಆ ಸಿನಿಮಾ ಬಂದ ಮೇಲೆ ಬೆಂಗಳೂರಿನ ಗೆಳೆಯರಿಗೂ ಈ ಹೆಸರು ಗೊತ್ತು. ಕಾಕ್ಕನಾಡಿನ ಆಫೀಸಿಗೆ ವಾರಕ್ಕೆ ಎರಡು ದಿನ ಹೋದರೆ ಸಾಕು. ಉಳಿದ ದಿನ ಕಾಯಲಿನ ದಂಡೆಯ ಬಾಡಿಗೆ ಮನೆಯ ಜಗಲಿಯೇ ಆಫೀಸು. ಮನೆಯ ಯಜಮಾನರನ್ನು ನಾನು ಚೇಟನ್ ಎನ್ನುತ್ತೇನೆ, ಅವರು ನನ್ನನ್ನು ಮೋನೇ ಎನ್ನುತ್ತಾರೆ. ನಮ್ಮಲ್ಲಿ ಮಗಾ ಎಂದ ಹಾಗೆ. ಅವರಿಗೊಂದು ಫೈಬರ್ ದೋಣಿ, ಅದಕ್ಕೊಂದು ಹಳೆಯ ಎರಡು ಸ್ಟ್ರೋಕಿನ ಎಂಜಿನ್. ನಸುಕಿನಲ್ಲಿ ಮೀನು, ಏಡಿ. ಬಿಸಿಲು ಏರಿದ ಮೇಲೆ ಹೋಮ್‌ಸ್ಟೇಗೆ ಬಂದವರನ್ನು ಕಾಯಲು ಸುತ್ತಿಸುವುದು. ಮನೆ ನಡೆಯುವುದು ಈ ಎರಡನೆಯದರಿಂದ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅತಿಥಿಯೊಬ್ಬರು ದಂಡೆಯಿಂದ ದೋಣಿಗೆ ಇಳಿಯುವಾಗ ಕಾಲು ಜಾರಿತು. ಕೈಗೆ ಸಿಕ್ಕಿದ್ದು ಎಂಜಿನ್ನಿನ ಹಿಡಿ. ಅವರು ಬೀಳಲಿಲ್ಲ, ಹಿಡಿ ಮುರಿಯಿತು. ಮಡಚುವ ಕೀಲಿನಿಂದ ನಾಲ್ಕು ಬೆರಳು ಮುಂದೆ, ಅಲ್ಯೂಮಿನಿಯಂ ಎರಕ ಬಿಸ್ಕತ್ತಿನ ಹಾಗೆ ಎರಡಾಯಿತು. ಒಳಗಿನ ಕೇಬಲ್ ಮಾತ್ರ ಎರಡು ತುಂಡನ್ನೂ ಹಿಡಿದುಕೊಂಡಿತ್ತು.

ಇಂಥ ಹಿಡಿಯೊಳಗೆ ಹೆಚ್ಚೇನೂ ಇಲ್ಲ. ಹೊರಗೆ ರಬ್ಬರಿನ ಕೈಹಿಡಿ, ಅದರೊಳಗೆ ತಿರುಗುವ ಒಂದು ದಂಡ, ದಂಡ ಅಲುಗಾಡದಂತೆ ಪ್ಲಾಸ್ಟಿಕ್ಕಿನ ಬುಷ್. ಕೈ ತಿರುವಿದಾಗ ದಂಡ ತಿರುಗಿ ಕೇಬಲನ್ನು ಎಳೆಯುತ್ತದೆ, ಕೇಬಲ್ ಹೋಗಿ ಕಾರ್ಬ್ಯುರೇಟರಿನ ಬಾಗಿಲು ತೆರೆಯುತ್ತದೆ. ಪಕ್ಕದಲ್ಲೊಂದು ಬಿಗಿಯುವ ತಿರುಪು. ಅದನ್ನು ಬಿಗಿದರೆ ಕೈ ಬಿಟ್ಟರೂ ವೇಗ ಅಲ್ಲೇ ನಿಲ್ಲುತ್ತದೆ. ಇಷ್ಟೇ. ಸ್ಕೂಟರಿನ ಆಕ್ಸಿಲೇಟರ್ ಬಿಚ್ಚಿ ನೋಡಿದವರಿಗೆ ಹೊಸದೇನಿಲ್ಲ.

ಆ ದಿನದ ಸುತ್ತು ನಿಲ್ಲಲಿಲ್ಲ. ಚೇಟನ್ ಮುಂದಿನ ತುಂಡನ್ನು ಬಿಚ್ಚಿ ತೆಗೆದರು, ಕೇಬಲಿನ ತುದಿಯನ್ನು ಲಾಕ್ ಆಗುವ ಇಕ್ಕಳದಿಂದ ಕಚ್ಚಿಸಿ ವೇಗವನ್ನು ಒಂದು ಹದಕ್ಕೆ ನಿಲ್ಲಿಸಿದರು, ಉಳಿದ ಮೋಟು ಹಿಡಿದು ದಿಕ್ಕು ತಿರುಗಿಸಿದರು. ಕಾಯಲಿನಲ್ಲಿ ಅದು ನಡೆಯುತ್ತದೆ. ಎಂಜಿನ್ ಕೈಕೊಟ್ಟರೆ ಬಿದಿರ ಗಳ ಇದೆ, ಬಹಳ ಕಡೆ ಎದೆಮಟ್ಟದ ನೀರು, ಕೂಗಿದರೆ ಕೇಳುವಷ್ಟು ಹತ್ತಿರ ಮನೆಗಳು. ಆದರೆ ಜನರನ್ನು ಕೂರಿಸಿಕೊಂಡು ದಿನಾ ಹಾಗೆ ಹೋಗುವುದು ಚೇಟನ್‌ಗೆ ಒಗ್ಗಲಿಲ್ಲ. 2023ರ ಮೇ 7ರಂದು ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಹೋದರು. ಅದರ ಕಾರಣಗಳು ಬೇರೆ. ಆದರೂ ಅಲ್ಲಿಂದೀಚೆಗೆ ಜನರನ್ನು ಹತ್ತಿಸಿಕೊಳ್ಳುವ ದೋಣಿಯವರೆಲ್ಲ ಒಂದು ಸಲ ಎಣಿಸಿ ನೋಡುತ್ತಾರೆ. ‘ಹಿಡಿ ಸರಿಯಾಗುವವರೆಗೆ ಅತಿಥಿಗಳು ಬೇಡ’ ಎಂದರು. ಮುಂದಿನ ಎರಡು ವಾರದ ಬುಕಿಂಗ್‌ಗೆ ಚೇಚಿ ಒಂದೊಂದಾಗಿ ಫೋನ್ ಮಾಡಿ ಬೇಡ ಎನ್ನತೊಡಗಿದರು.

ಅಳಿವೆ

ಮರುದಿನ ನಾವಿಬ್ಬರೂ ತೋಪ್ಪುಂಪಡಿಗೆ ಹೋದೆವು. ಕೊಚ್ಚಿಯ ಮೀನುಗಾರಿಕಾ ಬಂದರು ಇರುವುದು ಅಲ್ಲಿ. ಜುಲೈ ಎಂದರೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧದ ಕಾಲ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಕಡಲಿಗೆ ಹೋಗದ ಬೋಟುಗಳು ದಂಡೆಗೆ ಒತ್ತೊತ್ತಾಗಿ ನಿಂತಿರುತ್ತವೆ. ಬಡಿಯುವ ಸದ್ದು, ಬಣ್ಣದ ವಾಸನೆ, ವೆಲ್ಡಿಂಗಿನ ಕಿಡಿ. ನಮ್ಮ ಮಲ್ಪೆ, ಗಂಗೊಳ್ಳಿಗಳಲ್ಲಿ ಎರಡು ತಿಂಗಳು ಕಾಣುವ ನೋಟವೇ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಕಡೆಯ ಆಳಸಮುದ್ರದ ಮೀನುಗಾರರೂ ಇಲ್ಲಿಂದಲೇ ಹೋಗುವುದರಿಂದ ತಮಿಳೂ ಕಿವಿಗೆ ಬೀಳುತ್ತದೆ.

ಬಂದರಿನ ಸುತ್ತಲಿನ ಮರೈನ್ ಅಂಗಡಿಗಳಲ್ಲಿ ಲಿವರುಗಳಿಗೆ ಬರವಿಲ್ಲ. ಆದರೆ ಅವು ದೊಡ್ಡ ಬೋಟುಗಳವು. ವೀಲ್‌ಹೌಸಿನಲ್ಲಿ ನಿಂತು ಮುಂದಕ್ಕೆ ಹಿಂದಕ್ಕೆ ದೂಡುವಂಥವು. ಅಲ್ಲಿಂದ ಉದ್ದ ಕೇಬಲ್ ಎಂಜಿನ್ನಿಗೆ ಹೋಗುತ್ತದೆ. ನಮ್ಮೆದುರೇ ಒಬ್ಬರು ಮುರಿದ ಲಿವರ್ ತಂದು ಹೊಸದು ಕೇಳಿದರು. ಅಂಗಡಿಯವರು ಲಿವರ್ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದರು: ‘ಮುರಿಯುವ ಮೊದಲು ಬಿಗಿಯಾಗಿತ್ತೋ?’ ಹೌದಂತೆ, ಒಂದು ತಿಂಗಳಿಂದ ಎರಡು ಕೈ ಹಾಕಿ ದೂಡುತ್ತಿದ್ದರಂತೆ. ‘ಹಾಗಾದರೆ ಕೆಟ್ಟಿದ್ದು ಇದಲ್ಲ. ಎಂಜಿನ್ ಕಡೆಯ ಕೇಬಲ್ ಬಿಚ್ಚಿ, ಆಮೇಲೆ ಲಿವರ್ ದೂಡಿ ನೋಡಿ. ಆಗಲೂ ಬಿಗಿಯಿದ್ದರೆ ಕೇಬಲೋ ಪೆಟ್ಟಿಗೆಯೋ ತುಕ್ಕು ಹಿಡಿದಿದೆ. ಬರೀ ಲಿವರ್ ಹಾಕಿಕೊಂಡು ಹೋದರೆ ಮತ್ತೆ ಮುರಿದುಕೊಂಡು ಬರುತ್ತೀರಿ.’ ಮುರಿದ ಲಿವರನ್ನೇ ವೆಲ್ಡ್ ಮಾಡಿಸಿದರಾಗದೇ ಎಂದಾಗ ತಲೆಯಾಡಿಸಿದರು. ಕೆಲವು ಲಿವರುಗಳದು ಸತುವು ಬೆರೆತ ಎರಕ, ವೆಲ್ಡಿಂಗ್ ಬೆಂಕಿಗೆ ಕರಗಿ ಕೂತುಬಿಡುತ್ತದೆ. ಬಂದವರು ಕೊನೆಗೆ ಲಿವರನ್ನೂ ಕೇಬಲನ್ನೂ ಕೊಂಡು ಹೋದರು.

ನಮ್ಮ ಹಿಡಿಯನ್ನು ನೋಡಿದ ಕೂಡಲೇ ಅವರು ವಾಪಸು ಕೊಟ್ಟರು. ಆ ಮಾದರಿಯ ಎಂಜಿನ್ ಬರುವುದು ನಿಂತು ವರ್ಷಗಳಾಗಿವೆ. ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು. ಆರ್ಗನ್ ವೆಲ್ಡಿಂಗ್ ಮಾಡಿಸಬಹುದು, ಆದರೆ ವರ್ಷಗಟ್ಟಲೆ ಉಪ್ಪುನೀರು ಕುಡಿದ ಅಲ್ಯೂಮಿನಿಯಂಗೆ ವೆಲ್ಡಿಂಗ್ ಸರಿಯಾಗಿ ಕೂರುವುದಿಲ್ಲ. ಒಳಗೆ ಸಣ್ಣ ಸಣ್ಣ ಗುಳ್ಳೆ ಉಳಿದು ಆ ಗೆರೆಯಲ್ಲೇ ಮತ್ತೆ ಬಿಡುತ್ತದೆ.

ವಾಪಸು ಬರುವಾಗ ಫೋರ್ಟ್ ಕೊಚ್ಚಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಎದುರಿಗೆ ಅಳಿಮುಖಂ. ನಮ್ಮ ಅಳಿವೆಗೂ ಅವರ ಅಳಿಗೂ ಇರುವ ನೆಂಟಸ್ತಿಕೆ ಕೇಳಿದರೇ ಗೊತ್ತಾಗುತ್ತದೆ. ಹಿಂದೆ ಈ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬವಿತ್ತು, ಹಡಗುಗಳು ಹೊರಗೇ ನಿಲ್ಲಬೇಕಿತ್ತು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಆ ದಿಬ್ಬವನ್ನು ಕಡಿಸಿ ಆಳದ ದಾರಿ ಮಾಡಿಸಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದಿತು. ತೆಗೆದ ಮಣ್ಣು ತುಂಬಿ ಆದದ್ದೇ ವಿಲ್ಲಿಂಗ್ಡನ್ ದ್ವೀಪ. ಇವತ್ತಿಗೂ ಆ ದಾರಿಯ ಹೂಳು ತೆಗೆಯುತ್ತಲೇ ಇರುತ್ತಾರೆ. ಹಾಗಾಗಿ ಕೊಚ್ಚಿಯ ಅಳಿವೆಯಲ್ಲಿ ಮಳೆಗಾಲದ ಅಲೆಯೂ ಮುರಿದು ಬೀಳುವುದು ಕಡಿಮೆ. ಇಲ್ಲಿಯ ಅಪಾಯ ಬೇರೆ: ಸಂದಣಿ. 2015ರ ಆಗಸ್ಟ್ 26ರಂದು ವೈಪಿನ್‌ನಿಂದ ಬರುತ್ತಿದ್ದ ಪ್ರಯಾಣಿಕರ ಬೋಟಿಗೆ ಮೀನುಗಾರಿಕಾ ಬೋಟು ಬಡಿದು 11 ಜನ ತೀರಿಕೊಂಡದ್ದು ನಾವು ನಿಂತ ಜಾಗದ ಎದುರಿಗೇ. ಹಡಗು, ಜಂಕಾರ್, ಮೀನು ಬೋಟು, ಮೆಟ್ರೋ ಎಲ್ಲ ಒಂದೇ ನೀರಿನಲ್ಲಿ ಅಡ್ಡಹಾಯುವ ಕಡೆ ಬೇಕಾದ ಕ್ಷಣಕ್ಕೆ ವೇಗ ಇಳಿಸಲೇಬೇಕು. ‘ಇಕ್ಕಳ ಕಚ್ಚಿಸಿಕೊಂಡು ಇಲ್ಲಿಗೆ ಬರಬಾರದು ಮೋನೇ’ ಎಂದು ಚೇಟನ್ ತಾವೇ ಹೇಳಿಕೊಂಡರು.

ಆ ರಾತ್ರಿ ಚೇಚಿ ತಮ್ಮ ತಮ್ಮನಿಗೆ ಫೋನ್ ಮಾಡಿದರು. ಮಲಯಾಳದಲ್ಲಿ ಹೆಂಡತಿಯ ತಮ್ಮನನ್ನು ಅಳಿಯನ್ ಎನ್ನುತ್ತಾರೆ. ನಮ್ಮ ಅಳಿಯ ಬೇರೆ, ಅವರ ಅಳಿಯನ್ ಬೇರೆ. ಇದು ತಿಳಿಯುವವರೆಗೆ ಚೇಟನ್‌ಗೆ ಇಷ್ಟು ದೊಡ್ಡ ಅಳಿಯ ಹೇಗೆ ಎಂದು ನಾನು ಬೆರಗಾಗಿದ್ದೆ. ಈ ಅಳಿಯನ್ ಇರುವುದು ತಿರುವನಂತಪುರ ಜಿಲ್ಲೆಯ ಅಂಜುತೆಂಗಿನಲ್ಲಿ. ಅವನದೂ ಅದೇ ಮಾದರಿಯ ಎಂಜಿನ್. ‘ಇಲ್ಲಿ ಹಳೆಯ ಎಂಜಿನ್ ಬಿಚ್ಚಿಡುವ ಆಶಾನ್ ಒಬ್ಬರಿದ್ದಾರೆ. ಮುರಿದದ್ದನ್ನು ಹಿಡಿದುಕೊಂಡು ಬಾ’ ಎಂದ.

ಪೊಳಿ

ಎರ್ನಾಕುಳದಿಂದ ತಿರುವನಂತಪುರ ರೈಲಿನಲ್ಲಿ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಕೊಲ್ಲಂ ದಾಟಿದ ಮೇಲೆ ಬಲಗಡೆ ಕಡಲು ಬಹಳ ದೂರವಿಲ್ಲ. ತೆಂಗಿನ ಸಾಲುಗಳ ನಡುವೆ ಕಾಯಲಿನ ತುಂಡುಗಳು ಮಿಂಚಿ ಮರೆಯಾಗುತ್ತವೆ. ನಾವು ಚಿರಯಿನ್‌ಕೀಳಿನಲ್ಲಿ ಇಳಿದೆವು. ಪ್ರೇಮ್ ನಜೀರ್ ಹುಟ್ಟಿದ ಊರು. ಮಡಿಲಲ್ಲಿ ಹಳೆಯ ಲುಂಗಿಯಲ್ಲಿ ಸುತ್ತಿದ ಹಿಡಿ ಇಟ್ಟುಕೊಂಡ ಚೇಟನ್ ದಾರಿಯುದ್ದಕ್ಕೂ ನಿದ್ದೆ ಮಾಡಿರಲಿಲ್ಲ.

ಕೊಚ್ಚಿಯ ಕಣ್ಣಿಗೆ ಈ ತೀರ ಬೇರೆಯೇ ಲೋಕ. ಕೊಚ್ಚಿಯದು ಒಳನೀರಿನ ಊರು, ಕಡಲಿಗೆ ಬೆನ್ನು ಹಾಕಿ ಕೂರಬಹುದು. ಇಲ್ಲಿ ಅಂಜುತೆಂಗಿನಿಂದ ತೆಂಕಣಕ್ಕೆ ವಲಿಯತುರ, ಪೂಂತುರ, ವಿಳಿಞ್ಞಂವರೆಗೆ ಮನೆಗಳು ಮರಳಿನ ಮೇಲೇ, ಅಲೆಯ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ 17ನೇ ಶತಮಾನದ ಕೊನೆಗೆ ಕಟ್ಟಿದ ಕೋಟೆ ಅಂಜುತೆಂಗಿನಲ್ಲಿ ಈಗಲೂ ಇದೆ. ಪಕ್ಕದ ಕಾಯಿಕ್ಕರದಲ್ಲಿ ಹುಟ್ಟಿದ ಮಹಾಕವಿ ಕುಮಾರನ್ ಆಶಾನ್ 1924ರ ಜನವರಿಯಲ್ಲಿ ಪಲ್ಲನದಲ್ಲಿ ‘ರಿಡೀಮರ್’ ಬೋಟು ಮಗುಚಿ ತೀರಿಕೊಂಡರು. ಆಶಾನ್ ಎಂದರೆ ಗುರು. ಎಂಜಿನ್ ಮೇಸ್ತ್ರಿಯನ್ನೂ ಇಲ್ಲಿ ಹಾಗೆಯೇ ಕರೆಯುತ್ತಾರೆ.

ಈ ತೀರದ ಕಟ್ಟುಮರಗಳಿಗೆ, ದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ವ್ಯಾಪಕವಾಗಿ ಬಂದದ್ದು 1980ರ ದಶಕದಲ್ಲಿ. ಎಂಜಿನ್ ಬಂದ ಮೇಲೆ ರಿಪೇರಿಯವರೂ ಬೇಕಾದರು. 1980ರಲ್ಲಿ ಹುಟ್ಟಿದ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ ತಿರುವನಂತಪುರದಲ್ಲಿ ನೆಲೆನಿಂತು, ಎಂಜಿನ್ ರಿಪೇರಿಯನ್ನೂ ಬಿಡಿಭಾಗಗಳನ್ನೂ ತೀರದ ಹತ್ತಿರ ತಂದವರಲ್ಲಿ ಒಂದು. ಹಾಗೆ ಬೆಳೆದ ಮೇಸ್ತ್ರಿಗಳ ಕೈಕೆಳಗೆ ಇನ್ನಷ್ಟು ಮೇಸ್ತ್ರಿಗಳು ತಯಾರಾದರು. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಈ ತೀರದವರು ದೋಣಿಗಳನ್ನು ಲಾರಿಗೇರಿಸಿಕೊಂಡು ಚೆಂಗನ್ನೂರಿನ ಕಡೆ ಹೋಗಿ ಮನೆಗಳ ತಾರಸಿಯಿಂದ ಜನರನ್ನು ಇಳಿಸಿದ್ದು ನಮಗೆಲ್ಲ ನೆನಪಿದೆ. ವಾಪಸು ಬಂದ ಎಂಜಿನ್ನುಗಳ ಸ್ಥಿತಿ ಹೇಗಿತ್ತೆಂದು ನಮ್ಮ ಆಶಾನ್ ಹೇಳಿದರು: ಕಾಂಪೌಂಡ್ ಗೋಡೆಗೆ ಬಡಿದ ಪ್ರೊಪೆಲ್ಲರು, ಗೇಟಿಗೆ ಸಿಕ್ಕಿ ತಿರುಚಿದ ಹಿಡಿಗಳು. ‘ಎರಡು ತಿಂಗಳು ಅದೇ ಕೆಲಸ. ದುಡ್ಡು ಕೇಳಲಿಕ್ಕೆ ನಾಲಿಗೆ ಏಳಲಿಲ್ಲ.’

ಅವರ ಶೆಡ್ಡು ಸಣ್ಣದು. ಗೋಡೆಗೆ ಒರಗಿಸಿದ ಏಳೆಂಟು ಎಂಜಿನ್ನು, ಎಣ್ಣೆಯ ಡಬ್ಬಿಗಳಲ್ಲಿ ತಿರುಪುಗಳು. ಮುರಿದ ನಮ್ಮ ಹಿಡಿಯನ್ನು ಬೆಳಕಿಗೆ ಹಿಡಿದು, ಮುರಿದ ಮುಖವನ್ನು ಹೆಬ್ಬೆರಳಿನಿಂದ ಸವರಿ ‘ಹಳೇ ಬಿರುಕು’ ಎಂದರು. ಮುಖದ ಅರ್ಧ ಕಪ್ಪಾಗಿತ್ತು, ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಕಪ್ಪಾದಷ್ಟು ಭಾಗ ಎಂದೋ ಬಿಟ್ಟಿದ್ದು. ಹೊಳೆಯುವಷ್ಟು ಮಾತ್ರ ಮೊನ್ನೆ ಮುರಿದದ್ದು. ಹಿಡಿಯನ್ನೇ ಹಿಡಿದು ಎಂಜಿನ್ ಎತ್ತುವ ಅಭ್ಯಾಸದಿಂದ ಹೀಗಾಗುತ್ತದೆ ಎಂದರು. ಕಾಲು ಜಾರಿದ ಅತಿಥಿಯ ಮೇಲಿದ್ದ ಸಿಟ್ಟು ಚೇಟನ್ ಮುಖದಿಂದ ಅಲ್ಲೇ ಇಳಿಯಿತು.

ಬಿಚ್ಚಿಟ್ಟ ಎಂಜಿನ್ನುಗಳಲ್ಲಿ ಒಂದು ನಮ್ಮ ಮಾದರಿಯದೇ. ಅದರ ಹಿಡಿ ಗಟ್ಟಿಯಿತ್ತು. ಚೇಟನ್ ಬೆಲೆ ಕೇಳುವಷ್ಟರಲ್ಲಿ ಅಳಿಯನ್ ಒಳಬಂದ. ಅವನು ತನ್ನ ಎಂಜಿನ್ನನ್ನೂ ಹೆಗಲ ಮೇಲೆ ಹೊತ್ತು ತಂದಿದ್ದ. ಒಂದು ವಾರದಿಂದ ಹಿಡಿಯಲ್ಲಿ ಏನೋ ಟಿಕ್ ಟಿಕ್ ಅನ್ನುತ್ತದಂತೆ. ಆಶಾನ್ ರಬ್ಬರ್ ಕಳಚಿ, ಬ್ರಷ್ಷಿನಿಂದ ಉಜ್ಜಿ ನೋಡಿದರು. ಕಳೆದ ವರ್ಷ ಬೇರೆಲ್ಲೋ ವೆಲ್ಡ್ ಮಾಡಿಸಿದ ಗೆರೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಮೊದಲು ಅವನ ಬಳಿ ಎರಡು ಎಂಜಿನ್ನಿದ್ದವು. ಸೀಮೆಎಣ್ಣೆಯ ಬೆಲೆ ಏರಿದ ಮೇಲೆ ಒಂದನ್ನು ಮಾರಿಬಿಟ್ಟಿದ್ದ. ಟ್ರಾಲಿಂಗ್ ನಿಷೇಧ ಇವನಂಥವರಿಗಿಲ್ಲ. ನಮ್ಮ ಕಡೆಯ ನಾಡದೋಣಿಗಳ ಹಾಗೆ ಇವರೂ ಮಳೆಗಾಲದಲ್ಲಿ ಕಡಲಿಗೆ ಹೋಗುತ್ತಾರೆ. ದೊಡ್ಡ ಬೋಟುಗಳಿಲ್ಲದ ಈ ಏಳೆಂಟು ವಾರದಲ್ಲೇ ಒಂದಿಷ್ಟು ದುಡಿಮೆ.

ಹಿಡಿ ಇದ್ದದ್ದು ಒಂದು, ಬೇಕಾದವರು ಇಬ್ಬರು. ಯಾರೂ ಮಾತಾಡಲಿಲ್ಲ. ಆಶಾನ್ ನನ್ನನ್ನು ನೋಡಿ, ‘ಸಾರ್ ಮುತಲಪ್ಪೊಳಿ ನೋಡಿದ್ದೀರೋ? ನೋಡಿಕೊಂಡು ಬನ್ನಿ, ಅಷ್ಟರಲ್ಲಿ ಬಿಚ್ಚಿಡುತ್ತೇನೆ’ ಎಂದರು.

ಮುತಲ ಎಂದರೆ ಮೊಸಳೆ. ಪೊಳಿ ಎಂದರೆ ಕಾಯಲು ಮರಳದಿಬ್ಬ ಒಡೆದು ಕಡಲಿಗೆ ಸೇರುವ ಬಾಯಿ. ಅಂಜುತೆಂಗು, ಕಠಿನಂಕುಳಂ ಕಾಯಲುಗಳ ನೀರು ಕಡಲು ಸೇರುವುದು ಇಲ್ಲಿ. ಎರಡು ಕಡೆ ಕಲ್ಲಿನ ತಡೆಗೋಡೆ ಕಟ್ಟಿ ಬಂದರು ಮಾಡಿದ್ದಾರೆ. ಆದರೆ ಗೋಡೆಗಳ ನಡುವೆ ಮರಳು ಬಂದು ಕೂರುತ್ತದೆ, ಆಳ ಕಡಿಮೆಯಾದಲ್ಲಿ ಅಲೆ ಎದ್ದು ಮುರಿಯುತ್ತದೆ. ಇದುವರೆಗೆ ಅರವತ್ತಕ್ಕೂ ಹೆಚ್ಚು ಮೀನುಗಾರರು ಇಲ್ಲಿ ಸತ್ತಿದ್ದಾರೆ. ಹೂಳೆತ್ತಿ ಎಂದು ತೀರದವರು ವರ್ಷ ವರ್ಷ ಕೇಳುತ್ತಾರೆ. ಮಳೆಗಾಲದ ಸುದ್ದಿಯಲ್ಲಿ ಈ ಹೆಸರು ಬಂದರೆ ಮನೆಗಳಲ್ಲಿ ಟಿವಿಯ ದನಿ ಏರಿಸುತ್ತಾರೆ.

ಗೋಡೆಯ ಈಚೆ ನಿಂತು ಅರ್ಧ ಗಂಟೆ ನೋಡಿದೆವು. ಒಂದು ದೋಣಿ ಹೊರಗೆ ಕಾಯುತ್ತಿತ್ತು. ಹಿಂದೆ ನಿಂತವನು ಹಿಡಿ ಕೈಯಲ್ಲಿಟ್ಟುಕೊಂಡು ಕತ್ತು ತಿರುಗಿಸಿ ಅಲೆ ಎಣಿಸುತ್ತಿದ್ದ. ಅಳಿಯನ್ ಪಕ್ಕದಲ್ಲಿ ನಿಂತು ಹೇಳುತ್ತಾ ಹೋದ. ದೊಡ್ಡ ಅಲೆಗಳ ಸಾಲು ದಾಟಲು ಬಿಡಬೇಕು. ಆಮೇಲೆ ಒಂದು ಅಲೆಯನ್ನು ಆರಿಸಿಕೊಂಡು ಅದರ ಬೆನ್ನಿಗೆ ಅಂಟಿಕೊಂಡು ಬರಬೇಕು. ವೇಗ ಸ್ವಲ್ಪ ಕಡಿಮೆಯಾದರೆ ಹಿಂದಿನ ಅಲೆ ಬಂದು ದೋಣಿಯ ಹಿಂಬದಿ ಎತ್ತಿ ಅಡ್ಡ ತಿರುಗಿಸುತ್ತದೆ. ಅಡ್ಡ ಆದರೆ ಮಗುಚಿತು. ಸ್ವಲ್ಪ ಹೆಚ್ಚಾದರೆ ಮುಂದಿನ ಅಲೆಯ ತಲೆ ಹತ್ತಿ ಆಚೆ ಬಿದ್ದು ಮೂತಿ ನೀರಿಗೆ ನೆಡುತ್ತದೆ. ಅದಕ್ಕೇ ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕಾಲು ಸುತ್ತು ಏರಿಸು, ಅರೆಪಾಲು ಇಳಿಸು. ಇಲ್ಲಿ ಬಿಗಿಯುವ ತಿರುಪನ್ನು ಪೂರ್ತಿ ಸಡಿಲಿಸಿಡುತ್ತಾರೆ.

ಕಾಯುತ್ತಿದ್ದ ದೋಣಿ ಹೊರಟಿತು. ಎಂಜಿನ್ನಿನ ದನಿ ಏರಿತು, ಇಳಿಯಿತು, ಮತ್ತೆ ಏರಿತು. ನಮಗೆ ಆ ದನಿಯಲ್ಲೇ ಆ ಕೈ ಕಾಣುತ್ತಿತ್ತು. ಬಹುಶಃ ಒಂದು ನಿಮಿಷ ಹಿಡಿಯಿತು. ಗೋಡೆಯ ಒಳಗೆ ಬಂದ ಮೇಲೆ ಅದರಲ್ಲಿದ್ದವನೊಬ್ಬ ಬೀಡಿ ಹಚ್ಚಿದ.

ಚೇಟನ್ ವಾಪಸು ಶೆಡ್ಡಿಗೆ ಬರುವ ದಾರಿಯಲ್ಲೇ ಹೇಳಿಬಿಟ್ಟರು: ‘ಆಶಾನೇ, ಅದನ್ನು ಇವನಿಗೇ ಹಾಕಿ.’ ಅಳಿಯನ್ ಬೇಡವೆಂದ. ಅಕ್ಕನ ಮನೆಯ ದುಡಿಮೆ ನಿಂತಿದೆ, ನಾನು ಇನ್ನೊಂದು ಸಲ ವೆಲ್ಡ್ ಮಾಡಿಸುತ್ತೇನೆ ಎಂದ. ಚೇಟನ್ ಕೇಳಿಸಿಕೊಳ್ಳದವರ ಹಾಗೆ ಬೆಂಚಿನ ಮೇಲೆ ಕೂತು ಚಹಾ ಹೇಳಿದರು. ಆಶಾನ್ ಆಗಲೇ ಅಳಿಯನ್‌ನ ಎಂಜಿನ್ನಿನ ಕೀಲು ಬಿಚ್ಚಿ ಇಟ್ಟಿದ್ದರು. ನಾವು ಹೋಗುವ ಮೊದಲೇ ಅವರ ತೀರ್ಮಾನ ಆಗಿತ್ತು ಅನ್ನಿಸುತ್ತದೆ.

ಕಾಯಲಿಗೆ ಸಾಕು

ಚೇಟನ್‌ನ ಹಿಡಿಗೆ ಆಶಾನ್ ಬೇರೆ ದಾರಿ ಹುಡುಕಿದರು. ವೆಲ್ಡಿಂಗ್ ಬೇಡ. ಮುರಿದ ಮೂಳೆಗೆ ಪಟ್ಟಿ ಕಟ್ಟುವ ಹಾಗೆ ಎರಡು ಪಕ್ಕಕ್ಕೂ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ, ಆರ್‌ಪಾರು ನಾಲ್ಕು ಬೋಲ್ಟು. ಒಳ್ಳೆಯ ಬೋಲ್ಟು, ನೈಲಾನ್ ಕಡ್ಡಿ ಶೆಡ್ಡಿನಲ್ಲಿರಲಿಲ್ಲ. ನಾನು ಬಸ್ಸು ಹಿಡಿದು ತಿರುವನಂತಪುರದ ಚಾಲ ಬಜಾರಿಗೆ ಹೋದೆ. ಕಿಳಕ್ಕೇಕೋಟ್ಟೆಯ ಎದುರಿನ ಆ ಗಲ್ಲಿಗಳು ನಮ್ಮ ಚಿಕ್ಕಪೇಟೆ, ಎಸ್.ಪಿ. ರಸ್ತೆಗಳನ್ನು ಒಟ್ಟಿಗೆ ಕಲಸಿದಂತೆ. ಬಾಳೆಹಣ್ಣಿನ ಗೊನೆಗಳ ಪಕ್ಕದಲ್ಲೇ ತಿರುಪು ಬೋಲ್ಟುಗಳ ಅಂಗಡಿ. ಅಯಸ್ಕಾಂತ ಹಿಡಿದು ನೋಡಿ, ಅಂಟಿದ್ದನ್ನು ಬಿಟ್ಟು ಅಂಟದ್ದನ್ನು ತರಬೇಕೆಂದು ಆಶಾನ್ ಹೇಳಿ ಕಳಿಸಿದ್ದರು. ಹಾಗೆಯೇ ಆರಿಸಿ ತಂದೆ.

ಸಂಜೆ ಕೆಲಸ ನಡೆಯಿತು. ಸ್ಟೀಲೂ ಅಲ್ಯೂಮಿನಿಯಮ್ಮೂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹಾಗಾಗಿ ನಡುವೆ ತೆಳುವಾದ ನೈಲಾನ್ ಹಾಳೆ, ಪ್ರತಿ ಬೋಲ್ಟಿಗೂ ನೈಲಾನ್ ವಾಷರು, ಮೇಲೆ ಗ್ರೀಸು. ಸವೆದ ಬುಷ್ಷನ್ನು ಪಕ್ಕದ ಲೇತಿನವನಿಂದ ನೈಲಾನ್ ಕಡ್ಡಿಯಲ್ಲಿ ಕಡೆಸಿ ಹಾಕಿದರು. ಕೇಬಲಿನ ಒಂದು ಎಳೆ ಕಿತ್ತುಬಂದಿತ್ತು, ಅದನ್ನು ಹೊಸದೇ ಮಾಡಿದರು.

ಆಮೇಲೆ ಪರೀಕ್ಷೆ. ಅದನ್ನು ಇಲ್ಲಿ ಬರೆದಿಡುತ್ತೇನೆ, ಊರಲ್ಲಿ ದೋಣಿಯಿರುವ ಯಾರಿಗಾದರೂ ಬೇಕಾಗಬಹುದು. ಎಂಜಿನ್ ಶುರು ಮಾಡದೆಯೇ ಹಿಡಿಯನ್ನು ನಿಧಾನದಿಂದ ಪೂರ್ತಿ ವೇಗದವರೆಗೆ ತಿರುವಿ ವಾಪಸು ತರಬೇಕು; ಎಲ್ಲೂ ತಡೆಯಬಾರದು, ಕಾರ್ಬ್ಯುರೇಟರಿನ ಬಾಗಿಲು ಎರಡೂ ತುದಿ ಮುಟ್ಟಬೇಕು. ತಿರುಪು ಸಡಿಲಿದ್ದಾಗ ಹಗುರವಾಗಿ ತಿರುಗಬೇಕು, ಬಿಗಿದಾಗ ಇಟ್ಟಲ್ಲೇ ನಿಲ್ಲಬೇಕು. ನಂತರ ನೀರಿನ ತೊಟ್ಟಿಯಲ್ಲಿ ಎಂಜಿನ್ ಶುರು ಮಾಡಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಓಡಲು ಬಿಟ್ಟು, ಹಿಡಿಯನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಸರಿಸಬೇಕು. ಆಗ ಎಂಜಿನ್ನಿನ ದನಿ ಬದಲಾಗಕೂಡದು. ಬದಲಾದರೆ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದರ್ಥ. ದೋಣಿ ತಿರುಗಿಸಿದಾಗಲೆಲ್ಲ ತಾನಾಗಿ ವೇಗ ಏರುತ್ತದೆ. ಕೊನೆಗೆ ನಿಲ್ಲಿಸುವ ಗುಂಡಿ ಒತ್ತಿ, ಎಂಜಿನ್ ಕೂಡಲೇ ನಿಲ್ಲುತ್ತದೋ ನೋಡಬೇಕು.

ಎರಡು ಎಂಜಿನ್ನೂ ಪಾಸಾದವು. ಆಶಾನ್ ಚೇಟನ್‌ನ ಹಿಡಿಯನ್ನು ಒಂದು ಸಲ ಒತ್ತಿ ನೋಡಿ ಹೇಳಿದರು: ‘ಇದು ಕಾಯಲಿಗೆ ಸಾಕು. ಅಳಿಮುಖಕ್ಕೆ ಹೋಗಬೇಡಿ. ಕಡಲಿಗಂತೂ ಬೇ ಬೇಡ. ಹೊಸದು ಸಿಕ್ಕಿದ ದಿನ ಇದನ್ನು ತೆಗೆದುಬಿಡಿ.’ ತೋಪ್ಪುಂಪಡಿಯ ಅಂಗಡಿಯವರು ಹೊಸ ಹಿಡಿ ಬೇಕೋ ಹಳೆಯದಕ್ಕೆ ವೆಲ್ಡಿಂಗೋ ಎಂದು ಕೇಳಿದ್ದರು. ದೋಣಿ ಯಾವ ನೀರಿಗೆ ಹೋಗುತ್ತದೆ ಎಂದು ಮೊದಲು ಕೇಳಿದವರು ಇವರೇ. ಸಂಬಳದ ಲೆಕ್ಕಕ್ಕೆ ಬದುಕುವ ನನ್ನಂಥವರು ರಿಪೇರಿ ಎಂದರೆ ಅಗ್ಗದ್ದು, ಹೊಸದು ಎಂದರೆ ಒಳ್ಳೆಯದು ಎಂದುಕೊಂಡಿರುತ್ತೇವೆ. ಅಲ್ಲಿ ಲೆಕ್ಕ ಹಾಗಿರಲಿಲ್ಲ. ಗಟ್ಟಿಯಿದ್ದದ್ದು ಹಳೆಯ ಎಂಜಿನ್ನಿನಿಂದ ಕಳಚಿದ ಹಿಡಿ. ಅದು ಅಲೆ ಮುರಿಯುವ ಕಡೆಗೆ ಹೋಯಿತು. ಪಟ್ಟಿ ಕಟ್ಟಿದ್ದು ಗಳ ಊರಿದರೆ ನೆಲ ಸಿಗುವ ಕಡೆಗೆ ಬಂದಿತು.

ಆ ವಾರವೇ ಕುಂಬಳಂಗಿಯಲ್ಲಿ ದೋಣಿ ಮತ್ತೆ ಹೊರಟಿತು. ಚೇಚಿ ಬೇಡವೆಂದಿದ್ದ ಇಬ್ಬರು ಅತಿಥಿಗಳು ಮತ್ತೆ ಬಂದರು, ಉಳಿದವರು ಬರಲಿಲ್ಲ. ಹಿಡಿಯ ಎರಡು ಪಕ್ಕ ಸ್ಟೀಲಿನ ಪಟ್ಟಿ ಬಿಸಿಲಿಗೆ ಹೊಳೆಯುತ್ತದೆ, ಕೇಳಿದವರಿಗೆಲ್ಲ ಚೇಟನ್ ಕಥೆ ಹೇಳುತ್ತಾರೆ. ಜುಲೈ 31ರ ರಾತ್ರಿ ನಿಷೇಧ ಮುಗಿದು ತೋಪ್ಪುಂಪಡಿಯ ಬೋಟುಗಳು ದೀಪ ಹಚ್ಚಿಕೊಂಡು ಸಾಲಾಗಿ ಅಳಿವೆ ದಾಟಿದವು. ಅಳಿಯನ್ ಮಳೆಗಾಲ ಮುಗಿಯುವವರೆಗೆ ಪ್ರತಿ ದಿನ ಪೊಳಿಯ ಒಳಗೆ ಬಂದ ಮೇಲೆ ಅಕ್ಕನಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ಅದು ಬರುವವರೆಗೆ ಚೇಚಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟಿರುತ್ತಾರೆ.

ನೀವು ಕೇರಳಕ್ಕೆ ಬಂದಾಗಲೋ, ನಮ್ಮ ಕಡೆ ಮರವಂತೆ, ಮಲ್ಪೆಗಳಲ್ಲೋ ಸಣ್ಣ ದೋಣಿ ಹತ್ತುವುದಾದರೆ ಒಂದು ಮಾತು ನೆನಪಿಡಿ. ಕಾಲಿಡುವಾಗ ದೋಣಿ ಓಲಾಡುತ್ತದೆ, ಕೈ ತಾನಾಗಿ ಆಸರೆ ಹುಡುಕುತ್ತದೆ. ಎಂಜಿನ್ನಿನ ಹಿಡಿಯನ್ನು ಮಾತ್ರ ಹಿಡಿಯಬೇಡಿ. ದೋಣಿಯವನ ಭುಜ ಇದೆ, ಕೇಳದೆಯೇ ಕೊಡುತ್ತಾನೆ.